ಉಕ್ಕಬೇಕಾಗಿದ್ದ ಹಾಲು

ಕಣ್ಣು ಕಾಣದವರಿಗೆ ಮನೆಗೆಲಸ ಕಲಿಸುವುದು ನನ್ನ ಕೆಲಸ. ಈರುಳ್ಳಿ ಹೆಚ್ಚುವುದು, ಬಟ್ಟೆ ಒಣಹಾಕುವುದು, ಒಬ್ಬರೇ ಬಸ್ ಹತ್ತಿ ಇಳಿಯುವುದು. ನನಗೆ ಕೋಪ ಮೂಗಿನ ತುದಿಯಲ್ಲೇ. ಕಲಿಯುವವರ ಮೇಲಲ್ಲ, "ಅಯ್ಯೋ ಪಾಪ, ಬಿಡಿ, ನಾನೇ ಮಾಡ್ತೀನಿ" ಎಂದು ಅಡ್ಡ ಬರುವವರ ಮೇಲೆ.

ಕಲಿತವರಲ್ಲಿ ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು ನನಗೆ ತುಸು ಹೆಚ್ಚೇ ಅಚ್ಚುಮೆಚ್ಚು. ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಸೋಲದೇವನಹಳ್ಳಿಯ ಕಾಲೇಜೊಂದರ ಆಫೀಸಿನಲ್ಲಿ ಫೋನ್ ತೆಗೆದುಕೊಳ್ಳುವ ಕೆಲಸ. ಮತ್ತಿಕೆರೆಯ ಪಿ.ಜಿ. ಊಟದಿಂದ ನಾಲಿಗೆ ಸತ್ತುಹೋಗಿದೆ, ತನಗೊಂದು ಮನೆ ಬೇಕು, ಅಲ್ಲಿ ತಾನೇ ರೊಟ್ಟಿ ಬಡಿಯಬೇಕು ಎಂಬುದು ಅವಳ ಹಟ. ಮೂರು ಕಡೆ ಮನೆ ಕೊಡಲಿಲ್ಲ. ನಾಲ್ಕನೆಯದು ಚಿಕ್ಕಬಾಣಾವರದಲ್ಲಿ, ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮೂರಂತಸ್ತು ಕಟ್ಟಿಸಿದ್ದ ಅಜ್ಜಿಯೊಬ್ಬರದು. ಅಜ್ಜಿಗೆ ಹುಡುಗಿ ಹಿಡಿಸಿದಳು. ಭಯವೆಲ್ಲ ಗ್ಯಾಸಿನದು.

"ಆಲು ಉಕ್ಸೋ ದಿನ ನಾನೇ ನಿಂತು ನೋಡ್ತೀನಿ ಕಣವ್ವ. ಸರಿ ಅನ್ನಿಸ್ತೋ, ಮನೆ ನಿಂದು. ಇಲ್ಲಾಂದ್ರೆ ಬೇಜಾರು ಮಾಡ್ಕೋಬಾರ್ದು," ಎಂದರು.

ಶುಕ್ರವಾರ ಬೆಳಿಗ್ಗೆ ಅವಳು ಒಲೆಗೆ ಅರಿಶಿನ ಕುಂಕುಮ ಹಚ್ಚಿ, ಹೊಸ ಪಾತ್ರೆಯಲ್ಲಿ ಹಾಲಿಟ್ಟಳು. ಹಾಲಿನೊಳಗೆ, ಪಾತ್ರೆಯ ತಳಕ್ಕೆ ಪುಟ್ಟದೊಂದು ಸ್ಟೀಲ್ ತಟ್ಟೆ ಹಾಕಿದಳು. ಹಾಲು ಕುದಿಯತೊಡಗಿದರೆ ಅದು ಟಕಟಕ ಸದ್ದು ಮಾಡುತ್ತದೆ. ನಾನೇ ಕಲಿಸಿದ ಉಪಾಯ. ಸದ್ದು ಕೇಳಿತು. ಮರುಕ್ಷಣವೇ ಅವಳು ಗ್ಯಾಸ್ ಆರಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ. ಹೆಮ್ಮೆಯಿಂದ ಅಜ್ಜಿಯ ಮುಖ ನೋಡಿದೆ. ಅದು ಬಾಡಿಹೋಗಿತ್ತು.

"ಅಯ್ಯೋ, ಉಕ್ಕಲೇ ಇಲ್ವಲ್ಲವ್ವ! ಮನೆ ಸೇರೋ ದಿನ ಇಂಗಾ ಮಾಡೋದು?"

ತಲೆ ಚಚ್ಚಿಕೊಂಡೆ. ಉಕ್ಕಿಸಬೇಕೆಂದು ಅವಳಿಗೂ ಗೊತ್ತಿತ್ತು. ಆದರೆ ಆರು ತಿಂಗಳು ನಾನು ತಿದ್ದಿ ತೀಡಿದ ಕೈ, ಆ ಸದ್ದಿಗೆ ತಾನಾಗಿಯೇ ಹೋಗಿ ಒಲೆ ಆರಿಸಿತ್ತು.

"ತಪ್ಪಾತ್ರಿ ಅಮ್ಮಾರ, ಮತ್ತೊಮ್ಮೆ ಹಚ್ತೀನಿ," ಎಂದು ಒಲೆ ಹಚ್ಚಿದಳು. ಈ ಸಲ ಎರಡೂ ಕೈಯನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದು ನಿಂತಳು. ಹಾಲು ಏರಿ ಏರಿ ಸುತ್ತಲೂ ಉಕ್ಕಿತು. ಅಜ್ಜಿ ಕಣ್ಣು ಮುಚ್ಚಿ ಕೈ ಮುಗಿದರು. ಅಷ್ಟರಲ್ಲಿ ಉಕ್ಕಿದ ಹಾಲಿಗೆ ಉರಿ ಆರಿ, ಗ್ಯಾಸಿನ ವಾಸನೆ ಬಂತು. ನಾನು ಧಡಕ್ಕನೆ ಎದ್ದೆ. ಗಾಬರಿಗೊಂಡ ಅಜ್ಜಿಯ ಕೈ ಫ್ಯಾನಿನ ಸ್ವಿಚ್ಚಿಗೆ ಹೋಯಿತು.

"ಸ್ವಿಚ್ ಮುಟ್ಟಬ್ಯಾಡ್ರಿ!"

ಆ ದನಿಗೆ ನಾವಿಬ್ಬರೂ ನಿಂತಲ್ಲೇ ನಿಂತೆವು. ಅವಳು ಆಗಲೇ ಒಲೆ ಬಂದ್ ಮಾಡಿದ್ದಳು. ಬಗ್ಗಿ ಸಿಲಿಂಡರ್ ಬಂದ್ ಮಾಡಿದಳು, ಗೋಡೆ ಸವರುತ್ತ ಹೋಗಿ ಕಿಟಕಿ ತೆರೆದಳು. "ಫ್ಯಾನ್ ಹಾಕಿದ್ರ ಕಿಡಿ ಹಾರತೈತ್ರಿ. ವಾಸನಿ ಹೋಗೂತನಕ ಹೊರಗ ನಿಂದರೂಣು ಬರ್ರಿ."

ಮೂವರೂ ಬಾಗಿಲ ಹೊರಗೆ ನಿಂತೆವು. ಅಜ್ಜಿ ಒಳಗಿನ ಫ್ಯಾನಿನತ್ತ ಒಮ್ಮೆ ಇಣುಕಿ ನೋಡಿದರು. ಆಮೇಲೆ, "ಇಷ್ಟ್ ವರ್ಸದಿಂದ ನಮ್ಮನೇಲಿ ನಾನು ಫ್ಯಾನೇ ಆಕ್ತಿದ್ದೆ ಕಣವ್ವ," ಎಂದು ನಕ್ಕುಬಿಟ್ಟರು. ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದು, ನಮ್ಮಿಬ್ಬರ ನಡುವೆ ಚಾಚಿದರು. ಯಾವ ಯೋಚನೆಯೂ ಇಲ್ಲದೆ ನಾನೇ ಇಸಿದುಕೊಂಡೆ.

"ಇಲ್ಲಿ ಕೊಡ್ರಿ ಟೀಚರ್," ಅವಳು ಕೈ ಚಾಚಿದಳು. "ಮನಿ ನಂದು."

ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಇವಳನ್ನು ಅಪ್ಪಿಕೊಳ್ಳಬೇಕು ಎನ್ನಿಸುವಷ್ಟು ಪ್ರೀತಿಯೂ ಉಕ್ಕಿತು. ಬೀಗದ ಕೈ ಕೊಟ್ಟು, ಅಭ್ಯಾಸಬಲದಿಂದ, "ನಾಳೆ ಎಷ್ಟೊತ್ತಿಗೆ ಬರ್ಲಿ?" ಎಂದೆ.

"ನಾಳೆ ಬ್ಯಾಡ್ರಿ," ಎಂದಳು. "ಐತವಾರ ಬರ್ರಿ, ಊಟಕ್ಕ."