ಕೆಮ್ಮಿನ ನಡುವಿನ ಮಾತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಅಂಗಡಿಯಲ್ಲಿ ಸೀಡಿ ಅಕ್ಕ ಆಗಲೇ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಫ್ಯಾನ್ ಹಾಕುವಂತಿಲ್ಲ, ಧೂಳು ಏಳುತ್ತದೆ. ಹೊಸ ಡಿಸ್ಕನ್ನು ಅಂಚಿನಲ್ಲಿ ಹಿಡಿದು, ಬೆಳಕಿಗೆ ಓರೆ ಮಾಡಿ ನೋಡಿ, ಟ್ರೇಯಲ್ಲಿಟ್ಟು ಒಳಕ್ಕೆ ತಳ್ಳುತ್ತಾರೆ. "ಈ ಹೊತ್ತಲ್ಲಿ ಕರೆಂಟು ಕೈಕೊಡಲ್ಲ. ರೈಟ್ ಆಗ್ತಿರುವಾಗ ಹೋಯ್ತೋ, ಡಿಸ್ಕು ಕಸದಬುಟ್ಟಿಗೇ," ಎನ್ನುತ್ತಾರೆ.

ಫೋನಿನಲ್ಲಿರುವ ವಿಡಿಯೊಗಳನ್ನು ಹಳೆಯ ಡಿವಿಡಿ ಪ್ಲೇಯರ್ ಓದುವ ಹಾಗೆ ಬದಲಾಯಿಸಿ ಡಿಸ್ಕಿಗೆ ಹಾಕಿಕೊಡುವುದು ಅವರ ಕೆಲಸ. ಸುಮ್ಮನೆ ನಕಲು ಮಾಡಿಟ್ಟರೆ ಪ್ಲೇಯರ್ ಜಪ್ಪಯ್ಯ ಅಂದರೂ ಓದುವುದಿಲ್ಲ. ದಿನಕ್ಕೆ ಮೂರು ನಾಲ್ಕು ಡಿಸ್ಕ್ ಆದರೆ ಹೆಚ್ಚು. ಕೆಲವು ದಿನ ಬೋಣಿಯೂ ಇಲ್ಲ. ಖಾಲಿ ಡಿಸ್ಕ್ ಸಿಗುವುದೇ ಕಷ್ಟವಾಗಿದೆ. ಯಾವುದೋ ಅಂಗಡಿ ಬಾಗಿಲು ಹಾಕುತ್ತಿದೆ ಎಂದರೆ ಓಡಿಹೋಗಿ ಉಳಿದದ್ದನ್ನು ಬಾಚಿಕೊಂಡು ಬರುತ್ತಾರೆ. "ಇನ್ನೂ ಇದನ್ನೇ ಕಟ್ಕೊಂಡು ಕೂತಿದ್ದೀಯಲ್ಲೇ," ಎಂದು ತಂಗಿ ಛೇಡಿಸುತ್ತಾಳೆ.

ಇವತ್ತಿನ ಡಿಸ್ಕ್ ಒಬ್ಬ ಲಾರಿ ಡ್ರೈವರನದು. ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆ ಸೇರಿದ ಅವನ ಹೆಂಡತಿ ಮನೆಗೆ ಮರಳಲಿಲ್ಲ. ಕೊನೆಯ ವಾರ ಅವಳು ಮಗಳಿಗೆಂದು ಆಡಿದ ಮಾತನ್ನು ನರ್ಸ್ ಒಬ್ಬಳು ವಿಡಿಯೊ ಮಾಡಿ ಅವನ ಫೋನಿಗೆ ಕಳಿಸಿದ್ದಳು. ಕಳೆದ ವರ್ಷ ಅದನ್ನು ತಂದವನು, "ಅಕ್ಕಾ, ಫೋನು ನನ್ನ ಜೊತೆ ಊರೂರು ಸುತ್ತುತ್ತೆ. ಮಗು ಇರೋದು ಅಜ್ಜಿ ಹತ್ರ. ಅಲ್ಲಿ ಟಿವಿ, ಡಿವಿಡಿ ಪ್ಲೇಯರ್ ಬಿಟ್ರೆ ಏನೂ ಇಲ್ಲ," ಎಂದಿದ್ದ. ಬಾಗಿಲವರೆಗೆ ಹೋಗಿ ತಿರುಗಿ, "ಆ ಕೆಮ್ಮು ಮಾತ್ರ ತೆಗೆದುಬಿಡಿ. ಮಗು ಹೆದರುತ್ತೆ," ಎಂದ.

ಅಕ್ಕ ಒಂದೊಂದೇ ಕೆಮ್ಮು ಕತ್ತರಿಸಿದರು. ಆಮೇಲೆ ಹಾಕಿ ಕೇಳಿದರು. "ಚಿನ್ನ" ಎಂಬಲ್ಲಿ "ಚಿ" ಮಾತ್ರ ಉಳಿದಿತ್ತು. "ಜಡೆ ಹಾಕಿಸ್ಕೊಳ್ಳುವಾಗ ಅಳಬೇಡ" ಎಂದಿದ್ದಳು. ಆ "ಅಳಬೇಡ" ಕೆಮ್ಮಿನ ಜೊತೆಗೇ ಹೋಗಿಬಿಟ್ಟಿತ್ತು. ಅವನು ಡಿಸ್ಕ್ ಒಯ್ಯಲು ಬಂದಾಗ ಕೆಮ್ಮು ಇದ್ದದ್ದು, ತೆಗೆದದ್ದು ಎರಡನ್ನೂ ಕೇಳಿಸಿ, "ಕೆಮ್ಮು ತೆಗೆದ್ರೆ ಅವಳೂ ಹೋಗ್ತಾಳಪ್ಪಾ," ಎಂದರು. ಅವನು ಮುಖವನ್ನು ಗೋಡೆ ಕಡೆ ತಿರುಗಿಸಿ, "ಕೆಮ್ಮು ಇರಲಿ ಬಿಡಿ," ಎಂದ.

ಮೊನ್ನೆ ಮತ್ತೆ ಬಂದ. ಡಿಸ್ಕಿನ ತುಂಬಾ ಗೀರು. "ದಿನಾ ಜಡೆ ಹಾಕಿಸ್ಕೊಳ್ಳುವಾಗ ಅದು ಓಡ್ತಾ ಇರಬೇಕು ಅಕ್ಕಾ. 'ಕೆಮ್ಮೋ ಅಮ್ಮನ್ನ ಹಾಕಿ' ಅಂತಾಳೆ. ಅವಳಿಗೆ ಹೆದರಿಕೆಯೇ ಇಲ್ಲ. ನಂಗೇ ಕೇಳೋಕಾಗಲ್ಲ, ಎದ್ದು ಹೊರಗೆ ಹೋಗ್ತೀನಿ."

ಈ ಅಂಗಡಿ ಮೊದಲು ಅಕ್ಕನ ಗಂಡನದು. ಮದುವೆಗಳ ವಿಡಿಯೊ ತೆಗೆಯುತ್ತಿದ್ದರು. ಒಂದು ಮಧ್ಯಾಹ್ನ ಎದೆನೋವೆಂದು ಕೂತವರು ಏಳಲೇ ಇಲ್ಲ. ಜೀವಮಾನವೆಲ್ಲ ಕ್ಯಾಮೆರಾದ ಹಿಂದೆಯೇ ನಿಂತ ಮನುಷ್ಯ; ಅವರದೊಂದು ವಿಡಿಯೊ ಮನೆಯಲ್ಲಿಲ್ಲ.

"ಎಲ್ಲರ ಮದುವೇಲೂ 'ಸ್ವಲ್ಪ ಈ ಕಡೆ ನೋಡಿ' ಅಂತ ಅವರ ದನಿ ಇರುತ್ತೆ. ಟೇಪುಗಳೆಲ್ಲ ಗಿರಾಕಿಗಳ ಮನೇಲಿ. ಯಾರಾದ್ರೂ ಒಂದನ್ನ ಡಿಸ್ಕ್ ಮಾಡಿಸೋಕೆ ತಂದ್ರೆ ಸಾಕು," ಎನ್ನುತ್ತಾರೆ ಅಕ್ಕ. "ಆ ಒಂದು ಮಾತು ನಾನು ಇಟ್ಕೋತೀನಿ. ಉಳಿದದ್ದೆಲ್ಲ ತಂದವರದ್ದೇ."