ನೆಲಕ್ಕೆ ಬೆನ್ನು ಕೊಡದ ಆರು ತಿಂಗಳು

ಹಡಗಲಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನನಗೆ ಮೇಷ್ಟ್ರ ಕೆಲಸ ಸಿಕ್ಕಾಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲಿಗ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದನ್ನು ಯಾರೂ ಕರೆದು ಕೊಟ್ಟದ್ದಲ್ಲ. ಅಪ್ಪ ಕೊಟ್ಟೂರಿನ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ, ಅವ್ವ ಹೊಲದ ಕೂಲಿಗೆ ಹೋಗುತ್ತಿದ್ದಳು. ಹುಟ್ಟಿದಾಗಿನಿಂದ ಬಿ.ಎಡ್. ಮುಗಿಯುವವರೆಗೆ ನಾನು ಮಲಗಿದ್ದು ನೆಲದ ಮೇಲೆಯೇ. ಮನೆಯಲ್ಲಿ ಸಗಣಿ ಸಾರಿಸಿದ ನೆಲ, ಹಾಸ್ಟೆಲಿನಲ್ಲಿ ಸಿಮೆಂಟಿನ ನೆಲ. ಎರಡಕ್ಕೂ ಅವ್ವ ಹಳೆ ಸೀರೆ ಸೇರಿಸಿ ಹೊಲಿದ ಒಂದೇ ಕೌದಿ. ಹಾಸ್ಟೆಲಿನಲ್ಲಿ ಸುರುಳಿ ಸುತ್ತಿದ ಗಾದಿ ತಂದ ಹುಡುಗರಿದ್ದರು. ತಮ್ಮ ಗಾದಿಯ ಮೇಲೆ ನನ್ನನ್ನು ಕೂಡಲು ಬಿಡುತ್ತಿರಲಿಲ್ಲ. ಕೆಲಸ ಸಿಕ್ಕ ಮೇಲೆ ಒಂದು ದಿನವೂ ನೆಲದ ಮೇಲೆ ಮಲಗುವುದಿಲ್ಲ ಎಂದು ಆಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ.

ಹಗರಿಬೊಮ್ಮನಹಳ್ಳಿಯಲ್ಲಿ ಒಂದು ರೂಮು ಹಿಡಿದೆ. ಮೊದಲ ಸಂಬಳ ಬಂದ ವಾರವೇ ನವಾರ ಪಟ್ಟಿ ಹೆಣೆದ ಕಬ್ಬಿಣದ ಮಂಚ ಮತ್ತು ಗೇಣು ದಪ್ಪದ ಸ್ಪಂಜಿನ ಗಾದಿ ತಂದೆ. ಮಾಸಬಾರದೆಂದು ಅಂಗಡಿಯವರು ಹಾಕಿದ್ದ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಅದರ ಮೇಲೇ ಚಾದರ ಹಾಸಿದೆ. ನೋಡಲು ಬಂದ ಅವ್ವ ಅಂಗೈ ಊರಿ ಒತ್ತಿದಳು.

"ಕೈ ಪೂರಾ ಒಳಗ ಹೊಕ್ಕತಲ್ಲೋ ಯಪ್ಪಾ. ಮನಶಾ ಮಲಗಿದ್ರ ಹುಡುಕಬೇಕಾಗತೈತಿ."

ಮೂರು ತಿಂಗಳಿಗೆ ಸೊಂಟ ಹಿಡಿಯಿತು. ನವಾರ ದಿನದಿನಕ್ಕೆ ಜಗ್ಗುತ್ತಿತ್ತು, ಅದರ ಜೊತೆ ಗಾದಿಯೂ ನಡುವೆ ತಗ್ಗಾಗುತ್ತಿತ್ತು. ಸೀರೆಯ ಜೋಲಿಯಲ್ಲಿ ಹಾಕಿದ ಕೂಸಿನಂತೆ ನಾನು ಆ ತಗ್ಗಿಗೆ ಜಾರಿ ಬೀಳುತ್ತಿದ್ದೆ. ಪ್ಲಾಸ್ಟಿಕ್ ಬೆವರು ಹಿಡಿದಿಡುತ್ತಿತ್ತು. ಮಗ್ಗುಲು ಬದಲಿಸಬೇಕೆಂದರೆ ಮಂಚದ ಕಂಬಿ ಹಿಡಿದು ಮೈಯನ್ನು ಎಳೆದುಕೊಳ್ಳಬೇಕು. ಬೆಳಕು ಹರಿಯುವುದನ್ನು ಕಾಯುವುದೇ ನಿದ್ದೆಯಾಯಿತು. ಎದ್ದ ಮೇಲೆ ಚಪ್ಪಲಿಯ ಪಟ್ಟಿ ಹಾಕಲು ಬಗ್ಗಲಾಗದೆ ಕಣ್ಣಲ್ಲಿ ನೀರು ಬರುತ್ತಿತ್ತು.

ಶಾಲೆಗೆ ಹೋಗುವ ಬಸ್ಸನ್ನು ಬೈದೆ, ರಸ್ತೆಯ ಗುಂಡಿಗಳನ್ನು ಬೈದೆ. ಎಣ್ಣೆ ತಿಕ್ಕಿಸಿದೆ, ಮುಲಾಮು ಹಚ್ಚಿದೆ, ಬಿಸಿ ಇಟ್ಟಿಗೆಯ ಶಾಖ ಕೊಟ್ಟುಕೊಂಡೆ. ಅವ್ವ ಕಣ್ಣಾಗಿದೆ ಎಂದು ದೃಷ್ಟಿ ತೆಗೆದಳು. ಎಲ್ಲದರ ಮೇಲೂ ನನಗೆ ಅನುಮಾನ ಬಂತು, ಗಾದಿಯೊಂದನ್ನು ಬಿಟ್ಟು.

ರೂಮಿನ ಹತ್ತಿರದ ಡಾಕ್ಟರರ ಬಳಿಗೂ ಹೋದೆ. ಬೆನ್ನು ಒತ್ತಿ ನೋಡಿ, "ಎದರ ಮ್ಯಾಲ ಮಲಗ್ತೀರಿ?" ಎಂದು ಕೇಳಿದರು.

"ಸ್ಪಂಜಿನ ಗಾದಿ ಮೇಲೆ ಸಾರ್," ಎಂದೆ, ಸ್ವಲ್ಪ ಎದೆಯುಬ್ಬಿಸಿಯೇ.

"ಅದನ್ನ ತಗದು ಬಿಡ್ರಿ. ಕೆಲವು ದಿನ ಒಂದು ಚಾಪಿ, ಒಂದು ಕೌದಿ ಹಾಸಿ ನೆಲದ ಮ್ಯಾಲ ಮಲಕೊಂಡು ನೋಡ್ರಿ."

ನನ್ನ ಮುಖಕ್ಕೆ ರಕ್ತ ನುಗ್ಗಿತು. ಇವರು ನನ್ನ ಬೆನ್ನು ನೋಡಿ ಹೇಳುತ್ತಿಲ್ಲ, ನನ್ನ ಮನೆ, ನನ್ನಪ್ಪ, ನಮ್ಮ ಕೇರಿ ನೋಡಿ ಹೇಳುತ್ತಿದ್ದಾರೆ ಎನ್ನಿಸಿತು. ಅವರಿಗೆ ಅದ್ಯಾವುದೂ ಗೊತ್ತಿರಲಿಲ್ಲ. ಮಾತ್ರೆ ಬರೆಸಿಕೊಂಡು ಬಂದವನು ಮತ್ತೆ ಅವರ ಕಡೆ ಹೋಗಲಿಲ್ಲ.

ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ. ನಮ್ಮ ಹೆಡ್ಮೇಷ್ಟ್ರು ಕೆಟ್ಟವರಲ್ಲ, ಆದರೆ ತರಗತಿಯಲ್ಲಿ ಮೇಷ್ಟ್ರು ಕುರ್ಚಿಯ ಮೇಲೆ ಕೂತರೆ ಸಹಿಸುತ್ತಿರಲಿಲ್ಲ. ನಾನು ಪೀರಿಯಡ್ಡಿನ ಅರ್ಧ ಗೋಡೆಗೆ ಆತುಕೊಂಡು, ಇನ್ನರ್ಧ ಕುರ್ಚಿಯಲ್ಲಿ ಕೂತು ಕಳೆಯುತ್ತಿದ್ದೆ. ನಿದ್ದೆಗೆಟ್ಟ ತಲೆ, ಹೇಳಿದ್ದನ್ನೇ ಎರಡು ಸಲ ಹೇಳುತ್ತಿದ್ದೆ. ಗಾದಿ ತಂದು ಆರು ತಿಂಗಳಾಗಿತ್ತು, ಒಂದು ಶುಕ್ರವಾರ ಅವರು ಕರೆದರು.

"ಸೋಮವಾರ ವಿಷಯ ಪರಿವೀಕ್ಷಕರು ಬರ್ತಾರ್ರಿ. ನಿಮ್ಮ ಪಾಠ ನೋಡ್ತಾರ. ಅವತ್ತೂ ಹಿಂಗ ಗ್ವಾಡಿಗೆ ಆತುಕೊಂಡು ನಿಂತ್ರ, ಅವ್ರು ಬರೆಯೋದನ್ನ ನಾ ತಡಿಯಾಕ ಆಗಾದಿಲ್ಲ. ನಿಮ್ಮ ವಯಸ್ಸಿಗೆ ಇದೇನ್ರಿ ಇದು?"

ತರಗತಿಗೆ ಬಂದು ಭಾರತದ ನಕ್ಷೆಯನ್ನು ಗೋಡೆಯ ಮೊಳೆಗೆ ತೂಗುಹಾಕಲು ಪ್ರಯತ್ನಿಸಿದೆ. ಕೈ ಎತ್ತಿದೊಡನೆ ಸೊಂಟದಿಂದ ಕಾಲಿನವರೆಗೆ ಬೆಂಕಿ ಇಳಿಯಿತು. ನಕ್ಷೆ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳಲೂ ಆಗಲಿಲ್ಲ. ಹದಿನಾರು ವರ್ಷ ಓದಿ ಹಿಡಿದ ಕೆಲಸ ಒಂದು ಮೊಳೆಯ ಎತ್ತರಕ್ಕೆ ನಿಂತು ಹೋಗುತ್ತದೆ ಎನ್ನಿಸಿತು. ಶನಿವಾರಕ್ಕೆ ರಜೆ ಬರೆದುಕೊಟ್ಟು ಅಲ್ಲಿಂದ ಸೀದಾ ಬಸ್ಸು ಹಿಡಿದು ಊರಿಗೆ ಬಂದೆ.

ಮರುದಿನ ಮಧ್ಯಾಹ್ನ ಅಪ್ಪನನ್ನು ಹುಡುಕಿಕೊಂಡು ಮಾರುಕಟ್ಟೆಗೆ ಹೋದೆ. ಲಾರಿ ಇಳಿಸಿ ಮುಗಿದಿತ್ತು. ಹಮಾಲರು ಅಂಗಡಿ ಮುಂದಿನ ಕಲ್ಲಿನ ಕಟ್ಟೆಯ ಮೇಲೆ ಸಾಲಾಗಿ ಮಲಗಿದ್ದರು. ಚೀಲ ಹೊತ್ತವರು ಊಟಕ್ಕಿಂತ ಮೊದಲು ಹೀಗೆ ಕಲ್ಲಿಗೆ ಬೆನ್ನು ಕೊಡುವುದು ಅಲ್ಲಿನ ರೂಢಿ. ತಲೆಗೆ ಸುತ್ತಿದ ಟವೆಲ್ಲನ್ನು ಬಿಚ್ಚಿ ಸುರುಳಿ ಮಾಡಿ ಮೊಣಕಾಲಿನ ಕೆಳಗೆ ಇಟ್ಟುಕೊಳ್ಳುತ್ತಾರೆ, ಸೊಂಟ ಕಲ್ಲಿಗೆ ತಾಗಬೇಕು. ಚಿಕ್ಕಂದಿನಿಂದ ನೋಡಿದ್ದೆ, ಅದೊಂದು ಕೆಲಸದ ಭಾಗವೆಂದು ಯಾವತ್ತೂ ತಿಳಿದಿರಲಿಲ್ಲ.

ನನ್ನ ನಡಿಗೆ ನೋಡಿ ಅಪ್ಪನ ಜೊತೆಗಾರನೊಬ್ಬ ಮಲಗಿದ್ದಲ್ಲಿಂದಲೇ ಕೇಳಿದ. "ಏನ್ರಿ ಮೇಷ್ಟ್ರ, ನಡಾ ಹಿಡದೈತಿ? ದಿನಾ ಎಷ್ಟು ಚೀಲ ಪುಸ್ತಕ ಹೊರ್ತೀರಿ?"

"ಹಗೂರ ನಗಸೋ, ಅವನಿಗೆ ನಗಾಕೂ ಬರವಲ್ದು," ಎಂದ ಇನ್ನೊಬ್ಬ.

ಅಪ್ಪ ಎದ್ದು ಕೂತ. ಎಲ್ಲ ಹೇಳಿದೆ, ಸೋಮವಾರದ್ದನ್ನೂ ಹೇಳಿದೆ. ಅವನು ಕೇಳಿದ್ದು ಒಂದೇ.

"ಆ ಗಾದಿ ನಿನ್ನ ಬೆನ್ನು ಹಿಡಿತೈತೋ, ನೀನ ಅದನ್ನ ಹಿಡಕೊಂಡು ಮಲಗ್ತೀಯೋ?"

ಮಂಚದ ಕಂಬಿ ನೆನಪಾಯಿತು.

"ಇಲ್ಲಿ ಮಲಕ್ಕ," ಎಂದು ತನ್ನ ಜಾಗ ತೋರಿಸಿದ.

ಇನ್‌ಶರ್ಟ್ ಮಾಡಿದ್ದೆ, ಜೇಬಿನಲ್ಲಿ ಪೆನ್ನಿತ್ತು. ಸುತ್ತಲಿನ ಅಂಗಡಿಯವರೆಲ್ಲ ನನ್ನನ್ನು ಬಲ್ಲವರು, ನಾಲ್ಕು ಮಂದಿಯ ಮುಂದೆ ಮೇಷ್ಟ್ರು ಎಂದು ಕರೆಯುವವರು. "ಮನೀಗೆ ಹೋಗಿ ಮಲಗ್ತೀನಪ್ಪಾ," ಎಂದೆ.

"ಮನಿತನಕ ನಡಿಯಾಕ ಆಗತೈತೇನು?"

ಆಗುತ್ತಿರಲಿಲ್ಲ. ಪೆನ್ನು ತೆಗೆದು ಅವನ ಕೈಗೆ ಕೊಟ್ಟು ಕಲ್ಲಿನ ಮೇಲೆ ಮಲಗಿದೆ. ಅವನು ಬೆವರು ನಾರುವ ತನ್ನ ಟವೆಲ್ಲನ್ನು ಸುತ್ತಿ ನನ್ನ ಮೊಣಕಾಲಿನ ಕೆಳಗೆ ತುರುಕಿದ. ಮೊದಲು ಜೀವ ಹೋಗುವಂಥ ನೋವು. ಹಲ್ಲು ಕಚ್ಚಿ ಹಿಡಿದೆ. ಆಮೇಲೆ ಸೊಂಟ ನಿಧಾನಕ್ಕೆ ಇಳಿದು ಕಲ್ಲಿಗೆ ತಾಗಿತು. ಎಚ್ಚರವಾದಾಗ ಕಟ್ಟೆಯ ಮೇಲೆ ನಾನೊಬ್ಬನೇ ಇದ್ದೆ, ಇಳಿಬಿಸಿಲು ಪಾದದವರೆಗೆ ಬಂದಿತ್ತು. ಅಪ್ಪ ಎದುರಿನ ಲಾರಿಗೆ ಚೀಲ ಏರಿಸುತ್ತಿದ್ದ, ಬರಿದಲೆಯಲ್ಲಿ. ಅವನ ಟವೆಲ್ಲು ನನ್ನ ಕಾಲ ಕೆಳಗಿತ್ತು.

ಆ ರಾತ್ರಿ, ಮರುದಿನದ ರಾತ್ರಿ ಅವ್ವನ ಕೌದಿ ಹಾಸಿ ನೆಲದ ಮೇಲೆ ಮಲಗಿದೆ. ನೋವು ಹೋಗಲಿಲ್ಲ, ನಿದ್ದೆ ಬಂತು. ಸೋಮವಾರ ನಕ್ಷೆಯನ್ನು ಪಾಠಕ್ಕೆ ಮೊದಲೇ ಕುರ್ಚಿಯ ಮೇಲೆ ಹತ್ತಿ ತೂಗುಹಾಕಿದ್ದೆ. ಒಂದು ಕೈ ಮೇಜಿನ ಮೇಲಿಟ್ಟು ನಲವತ್ತು ನಿಮಿಷ ನಿಂತೆ. ಬೆನ್ನಿನ ಬೆವರಿಗೆ ಅಂಗಿ ಅಂಟಿಕೊಂಡಿತ್ತು. ಪರಿವೀಕ್ಷಕರು ಏನೋ ಬರೆದುಕೊಂಡು ಹೋದರು. "ನಿಂತ್ರಲ್ರಿ," ಎಂದಷ್ಟೇ ಹೇಳಿದರು ಹೆಡ್ಮೇಷ್ಟ್ರು.

ಆಮೇಲೂ ಗಾದಿಯನ್ನು ನಾನು ಯಾರಿಗೂ ಕೊಡಲಿಲ್ಲ. ಮಂಚದ ಮೇಲೆ ಅದು ಹಾಗೇ ಇರುತ್ತಿತ್ತು, ನಾನು ಕೆಳಗೆ ಕೌದಿಯಲ್ಲಿ. ಜೊತೆಗಿನ ಮೇಷ್ಟ್ರು ಯಾರಾದರೂ ಬಂದರೆ ಬಾಗಿಲು ತೆರೆಯುವ ಮೊದಲು ಕೌದಿಯನ್ನು ಮಡಚಿ ಮಂಚದ ಅಡಿಗೆ ನೂಕುತ್ತಿದ್ದೆ. ಬುದ್ಧಿ ಬೆನ್ನಿಗೆ ಬಂದಷ್ಟು ಬೇಗ ತಲೆಗೆ ಬರಲಿಲ್ಲ.

ಪ್ರೊಬೇಷನ್ ಮುಗಿದು ಕೆಲಸ ಖಾಯಂ ಆದ ಆದೇಶ ಬಹಳ ತಡವಾಗಿ ಬಂತು. ಅಪ್ಪನನ್ನು ರೂಮಿಗೆ ಕರೆಸಿ ಓದಿ ಹೇಳಿದೆ. ಅವನು ಮಂಚ ನೋಡಿದ, ಅದರ ಅಡಿಯಿಂದ ಹಣಿಕಿದ ಕೌದಿಯನ್ನೂ ನೋಡಿದ.

"ಮ್ಯಾಲ ಯಾರು ಮಲಗ್ತಾರ?"

"ಯಾರೂ ಇಲ್ಲ. ಬಂದೋರು ನೋಡ್ಲಿ ಅಂತ."

ಅಪ್ಪ ನಗಲಿಲ್ಲ. ಟವೆಲ್ಲು ಸುತ್ತಿ ಮೊಣಕಾಲಿನ ಕೆಳಗಿಟ್ಟುಕೊಂಡು ನೆಲಕ್ಕೆ ಬೆನ್ನು ಕೊಟ್ಟ. "ಇನ್ನೊಂದು ಸಲ ಓದು," ಎಂದ. ಓದಿದೆ. ಬಸ್ಸಿನ ಹೊತ್ತಾಯಿತೆಂದು ಅವನು ಏಳಲು ಹೋದಾಗ ಒಮ್ಮೆಗೇ ಏಳಲಾಗಲಿಲ್ಲ. ಮಗ್ಗುಲಾಗಿ, ನನ್ನ ಮಂಚದ ಕಂಬಿ ಹಿಡಿದು, ಮೈಯನ್ನು ಎಳೆದುಕೊಂಡು ಎದ್ದ. ಆ ಹಿಡಿತ ನನಗೆ ಗೊತ್ತಿತ್ತು. ಅವನಿಗೆ ಎಷ್ಟು ವರ್ಷದಿಂದ ಹಾಗೆ ಎಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವನು ಟವೆಲ್ಲು ಕೊಡವಿ ತಲೆಗೆ ಸುತ್ತಿಕೊಂಡಿದ್ದ. ಮರುದಿನ ಬೆಳಗಿನ ಲಾರಿಗೆ ಚೀಲ ಹೊರಲು ಅವನು ಹೋಗಬೇಕಿತ್ತು.