ನಲವತ್ತಾರು ಜನರಿಗೆ ಒಂದು ಸಂದೇಶ

ಒಂದು ಸಂದೇಶಕ್ಕೆ ನಾಲ್ಕೂವರೆ ಸೆಂಟು. ನಲವತ್ತಾರು ಜನರಿಗೆ ಕಳಿಸಿದರೆ ಎರಡು ಡಾಲರ್ ಏಳು ಸೆಂಟು. ಪಕ್ಕದ ಅಂಗಡಿಯಲ್ಲಿ ಒಂದು ಕಾಫಿಗೂ ಒಂದು ಬನ್ನಿಗೂ ಸರಿಹೋಗುತ್ತದೆ. ಆ ಸಂದೇಶದ ನೆತ್ತಿಯ ಮೇಲೆ ಸಂಸ್ಥೆಯ ಹೆಸರು ಹಾಕಿಕೊಳ್ಳಬೇಕಾದರೆ ನೋಂದಣಿಗೆ ಮೊದಲ ಸಲ ಐನೂರು ಡಾಲರ್, ಆಮೇಲೆ ವರ್ಷಕ್ಕೆ ಇನ್ನೂರು. ಮಾರ್ಸಿಲಿಂಗ್ ಬಡಾವಣೆಯ ಈ ಸಣ್ಣ ಡಯಾಲಿಸಿಸ್ ಕೇಂದ್ರದಲ್ಲಿ ಆ ಐನೂರರ ಅರ್ಜಿ ಮೂರು ತಿಂಗಳು ಮ್ಯಾನೇಜರರ ಮೇಜಿನ ಮೇಲೆ ಬಿದ್ದಿತ್ತು.

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ವಸತಿ ಕಟ್ಟಡದ ಕೆಳಗಿನ ಶಟರ್ ಎತ್ತಿ, ದೀಪ ಹಾಕಿ, ಝುಬೈದಾ ಬಿಂತೆ ಸರ್ಮಾನ್ ತೂಕದ ಯಂತ್ರದ ಪಕ್ಕ ನಿಲ್ಲುತ್ತಾರೆ. ವಯಸ್ಸು ಐವತ್ತೊಂಬತ್ತು. ಇಲ್ಲಿ ಎಲ್ಲರಿಗೂ ಅವರು ಕಾಕ್ ಬೇದಾ, ಅಂದರೆ ಬೇದಕ್ಕ. ಮೊದಲು ಒಳಬರುವವರು ಕ್ವೆಕ್ ಎಂಬ ನಿವೃತ್ತ ಟ್ಯಾಕ್ಸಿ ಚಾಲಕರು.

"ಅಂಕಲ್, ಎರಡೂವರೆ ಕಿಲೋ ಜಾಸ್ತಿ! ಏನು, ಸೂಪಲ್ಲೇ ಸ್ನಾನ ಮಾಡಿದ್ರಾ?"

"ನಿನ್ನ ಯಂತ್ರಕ್ಕೆ ನನ್ನ ಕಂಡ್ರೆ ಆಗಲ್ಲ ಕಣೇ."

"ಯಂತ್ರ ಸುಳ್ಳು ಹೇಳಲ್ಲ. ಚಪ್ಪಲಿ ಬಿಟ್ಟು ಇನ್ನೊಂದ್ಸಲ ಹತ್ತಿ. ಜೇಬಲ್ಲಿರೋ ಕಿತ್ತಳೆನೂ ತೆಗೀರಿ. ಅದು ನಿಮಗೆ ವಿಷ."

ಕ್ವೆಕ್ ಗೊಣಗುತ್ತ ಕಿತ್ತಳೆ ಒಪ್ಪಿಸುತ್ತಾರೆ. ದಿನಕ್ಕೆ ಮೂರು ಪಾಳಿ, ಒಬ್ಬೊಬ್ಬರಿಗೆ ನಾಲ್ಕು ಗಂಟೆ, ವಾರಕ್ಕೆ ಮೂರು ಸಲ. ಬೇದಕ್ಕ ಹದಿನೇಳು ವರ್ಷದಿಂದ ಈ ಕೌಂಟರಿನಲ್ಲಿದ್ದಾರೆ. ಅದಕ್ಕೂ ಮೊದಲು ಬಿಡಿಭಾಗ ಜೋಡಿಸುವ ಕಾರ್ಖಾನೆಯಲ್ಲಿದ್ದರು. ಬಸ್ ಚಾಲಕರಾಗಿದ್ದ ಗಂಡ ಇದೇ ಕೇಂದ್ರದ ನಾಲ್ಕನೇ ಕುರ್ಚಿಯಲ್ಲಿ ಆರು ವರ್ಷ ಮಲಗಿದ್ದರು. "ಅವರು ಹೋದ ಮೇಲೂ ಕಾಲು ಇಲ್ಲಿಗೇ ಬರ್ತಿತ್ತು. ಕೆಲಸ ಖಾಲಿ ಇತ್ತು, ಸೇರ್ಕೊಂಡೆ."

ಸಂದೇಶ ಕಳಿಸುವುದೂ ಅವರದೇ ಕೆಲಸ. ಹಬ್ಬಕ್ಕೆ ರಜೆ ಬಂದು ಪಾಳಿ ಬದಲಾದಾಗ ಮಾತ್ರ ಕಳಿಸುತ್ತಾರೆ. ಮೊದಲು ಇದಕ್ಕೆ ಯಾವ ನೋಂದಣಿಯೂ ಬೇಕಿರಲಿಲ್ಲ. ಯಾರು ಬೇಕಾದರೂ ಯಾರ ಹೆಸರನ್ನು ಬೇಕಾದರೂ ಹಾಕಿ ಕಳಿಸಬಹುದಿತ್ತು. ಹೆಸರು ಒಂದೇ ಇದ್ದರೆ ಫೋನು ಅಸಲಿ ನಕಲಿ ಎರಡನ್ನೂ ಒಂದೇ ಸಾಲಿನಲ್ಲಿ ಜೋಡಿಸಿಡುತ್ತಿತ್ತು. ಹಾಗೆ ಒಂದು ದಿನ ಬೇದಕ್ಕನ ಹಬ್ಬದ ಸೂಚನೆಗಳ ಕೆಳಗೇ, ಕೇಂದ್ರದ ಹೆಸರಿನಲ್ಲೇ, ಚಿಕಿತ್ಸೆಗೆ ಸಹಾಯಧನ ಬಂದಿದೆ, ಇಲ್ಲಿ ಒತ್ತಿ ಎಂಬ ಸಂದೇಶ ಬಂತು. ಕ್ವೆಕ್ ಒತ್ತಿದರು. ಆರು ಸಾವಿರದ ಎಂಟುನೂರು ಡಾಲರ್ ಹೋಯಿತು.

"ನನ್ನ ಬೈಲಿಲ್ಲ ಅವರು," ಎನ್ನುತ್ತಾರೆ ಬೇದಕ್ಕ. "'ನೀನೇ ಕಳಿಸಿದ್ದು ಅಂದ್ಕೊಂಡೆ' ಅಂದ್ರು, ಅಷ್ಟೇ. ಬೈದಿದ್ರೇ ಚೆನ್ನಾಗಿತ್ತು."

ಆಮೇಲೆ ನಿಯಮ ಬಂತು. ಹೆಸರು ಹಾಕಿ ಸಂದೇಶ ಕಳಿಸುವ ಪ್ರತಿ ಸಂಸ್ಥೆಯೂ ತಾನು ಯಾರೆಂದು ದಾಖಲೆ ಕೊಟ್ಟು ಆ ಹೆಸರನ್ನು ನೋಂದಾಯಿಸಬೇಕು. ಇಲ್ಲದಿದ್ದರೆ ಹೆಸರಿರುವ ಜಾಗದಲ್ಲಿ 'ಮೋಸವಿರಬಹುದು' ಎಂಬ ಹಣೆಪಟ್ಟಿ ಬೀಳುತ್ತದೆ. ಬೇದಕ್ಕನಿಗೆ ಖುಷಿಯೋ ಖುಷಿ. ರೋಗಿಗಳು ಸೂಜಿ ಚುಚ್ಚಿಸಿಕೊಂಡು ಮಲಗಿರುವಾಗ ಕುರ್ಚಿಯಿಂದ ಕುರ್ಚಿಗೆ ಹೋಗಿ ಪಾಠ ಹೇಳಿದರು: ಈ ಪಟ್ಟಿ ಕಂಡರೆ ಒಳಗೆ ಏನಿದೆ ಅಂತ ನೋಡಲೂ ಬೇಡಿ, ಅಳಿಸಿ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಎತ್ತಬೇಡಿ. ಅರ್ಜಿಯನ್ನೂ ತುಂಬಿ ಮ್ಯಾನೇಜರರ ಮುಂದಿಟ್ಟರು.

"ವರ್ಷಕ್ಕೆ ನಾಲ್ಕು ಸಲ ಕಳಿಸೋ ಮೆಸೇಜಿಗೆ ಐನೂರಾ? ಹಬ್ಬ ಕಳೀಲಿ, ನೋಡೋಣ" ಎಂದರು ಅವರು.

ಆ ವರ್ಷ ಹರಿರಾಯ, ಅಂದರೆ ರಂಜಾನ್ ಹಬ್ಬ, ಶನಿವಾರ ಬಿತ್ತು. ಶನಿವಾರ ರಜೆ, ಬದಲಿಗೆ ಶುಕ್ರವಾರ ಬನ್ನಿ ಎಂದು ಬೇದಕ್ಕ ಗುರುವಾರ ರಾತ್ರಿ ನಲವತ್ತಾರು ಜನರಿಗೆ ಕಳಿಸಿದರು. ನಲವತ್ತಾರು ಫೋನುಗಳಲ್ಲೂ ಅದು ಮೋಸದ ಪಟ್ಟಿ ಹೊತ್ತೇ ಇಳಿಯಿತು. ಹೆಚ್ಚಿನವರು ಪಟ್ಟಿಯನ್ನು ಲೆಕ್ಕಿಸದೆ ಓದಿ ಬಂದರು, ಆದರೂ ಶುಕ್ರವಾರ ಒಂಬತ್ತು ಕುರ್ಚಿ ಖಾಲಿ. ಬೇದಕ್ಕ ತಮ್ಮ ಫೋನಿನಿಂದಲೇ ಕರೆ ಮಾಡಿದರು; ಆ ನಂಬರು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಮೂವರು ಎತ್ತಿದರು. ಉಳಿದವರು ಕಲಿಸಿದ ಪಾಠದಂತೆ ಎತ್ತಲಿಲ್ಲ.

ಬೇದಕ್ಕ ಹಬ್ಬದ ಅಡುಗೆಯನ್ನು ತಂಗಿಗೆ ಬಿಟ್ಟು ಮನೆಮನೆಗೆ ಹೋದರು. ಐವರನ್ನು ಕರೆತಂದರು. ಆರನೆಯವರು ಪಾಕ್ ಮಿಸ್ನಾನ್, ಅಂದರೆ ಮಿಸ್ನಾನಪ್ಪ, ಎಪ್ಪತ್ತೊಂದು ವರ್ಷದ ಮರಗೆಲಸದವರು. ಬಾಗಿಲಿಗೆ ಬೀಗ. ಜಲಸಂಧಿಯ ಆಚೆ ಜೋಹೊರ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದರು. ಬಾಗಿಲಡಿ ಚೀಟಿ ತಳ್ಳಿ ಬೇದಕ್ಕ ಹಿಂತಿರುಗಿದರು.

ಶನಿವಾರ ಮುಂಜಾನೆ ಪಾಕ್ ಮಿಸ್ನಾನ್ ಎಂದಿನ ಪಾಳಿಗೆಂದು ಸೇತುವೆ ದಾಟಿ ನೇರವಾಗಿ ಕೇಂದ್ರಕ್ಕೆ ಬಂದರು. ಶಟರ್ ಮುಚ್ಚಿತ್ತು. 'ಮಂಗಳವಾರ ಹೋದ್ರಾಯ್ತು ಬಿಡು' ಎಂದು ಹಬ್ಬದೂಟಕ್ಕೆ ಮಗಳ ಮನೆಗೇ ಮರಳಿದರು. ಮೈಯಲ್ಲಿ ನೀರು ತುಂಬಿ ಸೋಮವಾರ ಬೆಳಿಗ್ಗೆ ಉಸಿರು ಕಟ್ಟಿತು. ಬುಧವಾರ ತೀರಿಕೊಂಡರು.

"ಮಗಳು ಫೋನ್ ತೋರಿಸಿದ್ಲು," ಬೇದಕ್ಕ ತೂಕದ ಪುಸ್ತಕ ಮುಚ್ಚುತ್ತಾರೆ. "ಮೆಸೇಜ್ ಬಂದಾಗ ಅವಳೂ ಅಲ್ಲೇ ಇದ್ಲಂತೆ. 'ಅಪ್ಪಾ, ಏನೋ ಬಂದಿದೆ ನೋಡು' ಅಂದಿದ್ದಾಳೆ. ಅದಕ್ಕವರು, 'ಇಂಥದ್ದನ್ನ ತೆಗೀಬಾರ್ದು, ಬೇದಾ ಹೇಳಿದ್ದಾಳೆ' ಅಂದ್ರಂತೆ."



ಮರುವಾರವೇ ಮ್ಯಾನೇಜರರು ಅರ್ಜಿಗೆ ಸಹಿ ಹಾಕಿದರು. ಈಗ ಸುತ್ತಲಿನ ಹಲ್ಲಿನ ವೈದ್ಯರು, ಟ್ಯೂಷನ್ ಶಾಲೆಯವರು, ಕನ್ನಡಕದಂಗಡಿಯವರು ಅರ್ಜಿ ಹಿಡಿದು ಬೇದಕ್ಕನ ಹತ್ತಿರ ಬರುತ್ತಾರೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬರೆದುಕೊಡುತ್ತಾರೆ. ಇದುವರೆಗೆ ಮೂವತ್ತೊಂದು ಆಗಿವೆ. ಕಾಸು ಮುಟ್ಟುವುದಿಲ್ಲ. ಕನ್ನಡಕದಂಗಡಿಯವನು ಗೊಣಗುತ್ತಾನೆ: "ನಾನು ಮಾರೋದು ಕನ್ನಡಕ. ನನ್ನ ಹೆಸರಲ್ಲಿ ಯಾವ ಕಳ್ಳ ಬರ್ತಾನೆ ಕಾಕ್?"

"ನೀನು ಕಳ್ಳ ಅಲ್ಲ ಅಂತ ಜನರಿಗೆ ಹೇಗಪ್ಪ ಗೊತ್ತಾಗ್ಬೇಕು? ಸಹಿ ಹಾಕು. ಇವತ್ತೇ."

ಬೇರೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಯೋಚಿಸುತ್ತಾರೆ. "ನಾನು ಕಳಿಸಿದ್ದನ್ನ ಅವರು ಹೆದರದೆ ಓದ್ಬೇಕು. ಅಷ್ಟೇ."

ನೋಂದಣಿಯಾದ ಮೇಲೆ ಬಂದ ಮೊದಲ ಚೀನೀ ಹೊಸವರ್ಷಕ್ಕೂ ಪಾಳಿ ಬದಲಾಯಿತು. ಸಂದೇಶ ಕೇಂದ್ರದ ಹೆಸರಿನಲ್ಲೇ ಹೋಯಿತು, ಪಟ್ಟಿ ಬೀಳಲಿಲ್ಲ. ನಲವತ್ತೈದಕ್ಕೆ ನಲವತ್ತೈದು ಜನರೂ ಬಂದರು. ನಲವತ್ತಾರನೆಯವರು ಪಾಕ್ ಮಿಸ್ನಾನ್.